ಲೈನ್ ಕ್ಲಿಯರ್

ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ
ದುಂಡಗೆ ನಿಲ್ಲಿ ಎಂದರು ಶಾಹೀನಾ ಮೇಡಂ.
ರಿಪ್ಪನ್‌ಪೇಟೆ ಸಬ್‌ಸ್ಟೇಷನ್ನಿನ ಹಿಂದಿನ ಹಾಲ್,
ಇಪ್ಪತ್ತಾರು ಗಂಡಸರು.
ದುಂಡಗೆ ಅಂದದ್ದು ಸೋರೆಕಾಯಿಯಾಯಿತು,
ಒಬ್ಬನೂ ಪಕ್ಕದವನ ಕೈ ಮುಟ್ಟಲಿಲ್ಲ.

ಮೊದಲು ಹೆಸರು, ಜೊತೆಗೊಂದು ಪ್ರಾಣಿಯ ಕೂಗು.
ಬಂಗಾರ್ಯ ನಾಯ್ಕ ನವಿಲಾದ,
ಇಮ್ತಿಯಾಜ್ ಕಡವೆ.
ಸ್ಟೋರಿನ ಗುಂಡಾಚಾರ್ರು ಬಹಳ ಯೋಚಿಸಿ
ಟ್ರಾನ್ಸ್‌ಫಾರ್ಮರಿನ ಹಾಗೆ ಗುಂಯ್ ಅಂದರು.
ಅದಕ್ಕೂ ಜೀವ ಇದೆ ಎಂದು ವಾದಿಸಿದರು.

ಆಮೇಲೆ ನಡುವೆ ಇಟ್ಟರು ಒಡೆದ ಪಿಂಗಾಣಿ ಇನ್ಸುಲೇಟರ್,
ನಮ್ಮದೇ ಅಂಗಳದ್ದು.
ಐದು ನಿಮಿಷ. ಇದರಿಂದ ಇನ್ನೇನೇನು ಮಾಡಬಹುದು?
ತಪ್ಪು ಉತ್ತರ ಅನ್ನೋದೇ ಇಲ್ಲ.
ತಪ್ಪೇ ಇಲ್ಲ ಅಂದಕೂಡಲೇ ನಮಗೆ ಬಾಯಿ ಕಟ್ಟಿತು,
ನಮ್ಮ ಕೆಲಸದಲ್ಲಿ ಅಂಥದ್ದೊಂದು ದಿನ ಬಂದಿಲ್ಲ.
ಕೊನೆಗೆ ಯಾರೋ: ಊದುಬತ್ತಿ ಚುಚ್ಚಕ್ಕೆ.
ತೂಬು ಕಿತ್ತ ಹಾಗೆ ಮತ್ತೆ,
ಉಪ್ಪಿನಕಾಯಿ ಭರಣಿ ಮೇಲೆ ಹೇರಕ್ಕೆ,
ಬಾಗಿಲು ಬಡೀದ ಹಾಗೆ ಒತ್ತಿಡಕ್ಕೆ,
ಕಾವಿಗೆ ಕೂತ ಕೋಳಿಗೆ ಸುಳ್ಳು ಮೊಟ್ಟೆ,
ಬಿಲ್ಲು ಕಟ್ಟದವನ ಹೆಂಚಿಗೆ ಎಸೆಯಕ್ಕೆ
(ಅದು ಬರ್ಕೋಬೇಡಿ ಮೇಡಂ),
ಹಲ್ಲಿಲ್ಲದ ಅಜ್ಜಿಗೆ ಎಲೆಯಡಿಕೆ ಕುಟ್ಟಕ್ಕೆ.
ನಲವತ್ತೊಂದಾಯಿತು.
ಕೆರಿಯಪ್ಪ ಮಾತ್ರ ಹೇಳಿದ್ದು ಒಂದೇ:
"ಅದು ಇರೋ ಜಾಗದಲ್ಲೇ ಇದ್ರೆ ಸಾಕು."

ಮೂರನೆಯದು ಜೋಡಿ ಆಟ. ಚೀಟಿ ಎತ್ತಿಸಿದರು.
ಒಬ್ಬ ಬೆನ್ನು ತಿರುಗಿಸಿ ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು,
ಇನ್ನೊಬ್ಬ ಹಿಡೀಬೇಕು.
ನನ್ನ ಚೀಟಿಯಲ್ಲಿ ಕೆರಿಯಪ್ಪ.

ಹಾಲ್ ಸುಮ್ಮನಾದದ್ದು ಮೇಡಂಗೆ ತಿಳಿಯಲಿಲ್ಲ.

ತಿಳಿಯೋದು ಹೇಗೆ, ಮೂರು ವರ್ಷದ ಹಿಂದಿನ ಮಾತು.
ಅರಸಾಳಿನ ಕಾಡಲ್ಲಿ ತಂತಿ ಮೇಲೆ ಮರ ಬಿದ್ದ ರಾತ್ರಿ
ಫೋನಲ್ಲಿ ಅವನು ಮೂರು ಅಂದ,
ಕಂಟ್ರೋಲ್ ರೂಮಲ್ಲಿ ನನಗೆ ಆರು ಕೇಳಿಸಿತು.
ಆರನೇ ಫೀಡರ್ ಆಫ್ ಮಾಡಿ, ಎಲ್‌ಸಿ ನಂಬರು ಕೊಟ್ಟು
ಹತ್ತು ಮಾರಾಯ, ಅಂದೆ.
ಹತ್ತಿದ.
ವಿಚಾರಣೆಯ ಕಾಗದದಲ್ಲಿ ತಪ್ಪು ಸಿಗ್ನಲ್ಲಿಂದು.
ಅವನ ಎಡಗೈಯಲ್ಲಿ ಎರಡು ಬೆರಳಿಲ್ಲ.
ಅವತ್ತಿಂದ ಒಂದೇ ಕ್ಯಾಂಟೀನಿನಲ್ಲಿ
ಬೇರೆ ಬೇರೆ ಹೊತ್ತಿಗೆ ಟೀ ಕುಡೀತೇವೆ.

ಬಂದು ಬೆನ್ನು ತಿರುಗಿಸಿದ.
ಕಾಲರಿನ ಹೊಲಿಗೆ ಬಿಟ್ಟಿದೆ, ಕತ್ತಿನ ಹಿಂದೆ ಬೆವರು.
ಇಷ್ಟು ಹತ್ತಿರ ನಾನವನನ್ನು ನೋಡೇ ಇರಲಿಲ್ಲ,
ಹನ್ನೊಂದು ವರ್ಷ ಬರೀ ದನಿ.

ನಂಬಿಕೆಯಿಟ್ಟು ಬೀಳಿ, ಎಂದರು ಮೇಡಂ.
ಅವನು ಬೀಳಲಿಲ್ಲ.
ಕಣ್ಣು ಮುಚ್ಚಿಕೊಂಡೇ ಕೇಳಿದ:
"ಸಾರ್, ಯಾವ ಫೀಡರ್?"
ಯಾರೂ ನಗಲಿಲ್ಲ.
"ಮೂರು."
"ಇನ್ನೊಂದ್ಸಲ."
"ಮೂರು ಕಣೋ. ಒಂದು, ಎರಡು ಆದಮೇಲಿಂದು."
"ಆಫ್ ಆಗೈತಾ?"
"ಆಗೈತೆ. ಕಣ್ಣಾರೆ ನೋಡ್ಬಂದೆ."
ಏನು ನೋಡಿಬಂದಿದ್ದೆನೋ. ಬಾಯಿಗೆ ಬಂತು, ಅಂದೆ.

ಆಗ ಅವನು ತನ್ನನ್ನು ಬಿಟ್ಟ.

ಮನುಷ್ಯ ಇಷ್ಟು ಭಾರ ಅಂತ ಗೊತ್ತಿರಲಿಲ್ಲ.
ನನ್ನ ಮಂಡಿ ನೆಲಕ್ಕೆ ಬಡಿಯಿತು.
ಚಪ್ಪಾಳೆ ಆಯಿತು, ಮುಂದಿನ ಜೋಡಿ ಬಂತು,
ನಾನಿನ್ನೂ ಹಿಡಿದೇ ಇದ್ದೆ.
"ಸಾಕ್ ಬಿಡಿ ಸಾರ್, ಪಕ್ಕೆ ನೋಯ್ತದೆ" ಅಂದ.

ಮಧ್ಯಾಹ್ನ ಚಿತ್ರಾನ್ನದ ಜೊತೆ ಹಳದಿ ಫಾರಂ:
ಇಂದಿನ ಚಟುವಟಿಕೆಯಿಂದ ತಾವು ಕಲಿತದ್ದೇನು?
ಲಾಗ್‌ಬುಕ್ ಬಿಟ್ಟರೆ ನನಗೆ ಬೇರೇನೂ ಬರೆಯಲು ಬಾರದು.
ಹನ್ನೊಂದು ನಲವತ್ತೆರಡು. ಫೀಡರ್ ಮೂರು.
ಲೋಡ್ ಸುಮಾರು ಎಪ್ಪತ್ತು ಕೇಜಿ. ಟ್ರಿಪ್ ಆಗಿಲ್ಲ.
ಎಲ್‌ಸಿ ವಾಪಸಾದ ಹೊತ್ತು ಎಂದು ಬರೆದು
ಮುಂದೆ ಖಾಲಿ ಬಿಟ್ಟು ಅವನ ಕಡೆ ತಳ್ಳಿದೆ.
ಅದು ಹತ್ತಿದವನೇ ಹೇಳಬೇಕಾದ್ದು.

ಕೆರಿಯಪ್ಪ ಬಲಗೈಯ ಅನ್ನ ಪ್ಯಾಂಟಿಗೆ ಒರೆಸಿ,
ಎಡಗೈ ಮೂರು ಬೆರಳಲ್ಲಿ ಕಾಗದ ಒತ್ತಿ ಹಿಡಿದು
ಪೆನ್ನು ಕೊಡಿ ಅಂದ.